ಗೋಡೆ ಕಡೆಯ ಮಣಿ

ಆ ಯಂತ್ರಕ್ಕೆ ‘ಸೋದರತ್ತೆ’ ಎಂದು ಹೆಸರಿಟ್ಟವರು ಮೇಸ್ತ್ರಿಯ ಮಾವ. ಬಂದು ಕೂತರೆ ಯಾರಪ್ಪನಿಂದಲೂ ಎಬ್ಬಿಸಲಾಗದು, ದಿನಕ್ಕೆ ಮೂರು ಸಲ ಎಣ್ಣೆ ಕೇಳುತ್ತಾಳೆ, ಎಣ್ಣೆ ಬಿಟ್ಟ ಮೇಲೂ ಗೊಣಗುತ್ತಾಳೆ, ಆದರೆ ಕೆಲಸಕ್ಕೆ ನಿಂತಳೆಂದರೆ ಮನೆಯ ಸೊಸೆಯಂದಿರೆಲ್ಲ ಒಟ್ಟಾದರೂ ಅವಳ ಸಮಕ್ಕೆ ಬರಲಾರರು ಎಂಬುದು ಅವರ ವಿವರಣೆ. ಅವರ ಸ್ವಂತ ಸೋದರತ್ತೆ ಆ ಮನೆಯಲ್ಲಿ ಇದ್ದಷ್ಟು ದಿನ ಈ ವಿವರಣೆಯನ್ನು ಮೆಲುದನಿಯಲ್ಲಿ ಕೊಡುತ್ತಿದ್ದರಂತೆ.

ಎರಕದ ಕಬ್ಬಿಣದ ಮೈ, ಅಂಗೈ ಅಗಲದ ಚರ್ಮದ ಬೆಲ್ಟು, ಕಿವಿಯೋಲೆಗಳ ಹಾಗೆ ಎರಡೂ ಕಡೆ ಹಿತ್ತಾಳೆಯ ಎಣ್ಣೆ ಬಟ್ಟಲುಗಳು. ಹೊಟ್ಟೆಯೊಳಗೆ ಗಿರಗಿರನೆ ತಿರುಗುವ ಒಂದು ಚೌಕ ತಲೆ. ಆ ತಲೆಗೆ ಬೋಲ್ಟು ಹಾಕಿ ಬಿಗಿಯುವ ಅಲಗುಗಳು. ಒಂದು ತುದಿಯಿಂದ ಚಪ್ಪಟೆ ಹಲಗೆಯನ್ನು ಒಳಗೆ ಕೊಟ್ಟರೆ ಇನ್ನೊಂದು ತುದಿಯಿಂದ ಅದು ಉಬ್ಬು, ತಗ್ಗು, ಬಳುಕುಗಳುಳ್ಳ ಪಟ್ಟಿಯಾಗಿ ಹೊರಗೆ ಬರುತ್ತದೆ. ಹಳೆಯ ಕಟ್ಟಡಗಳ ಬಾಗಿಲ ಚೌಕಟ್ಟಿನ ಸುತ್ತ, ಕಿಟಕಿಯ ಕೆಳಗೆ, ಮೆಟ್ಟಿಲ ಪಕ್ಕದಲ್ಲಿ ಇರುವ ಪಟ್ಟಿಗಳು ಇಂಥವೇ. ಹೊಸ ಯಂತ್ರಗಳೂ ಇದನ್ನು ಮಾಡುತ್ತವೆ, ಇನ್ನೂ ಬೇಗ, ಇನ್ನೂ ನುಣುಪಾಗಿ. ತೊಂದರೆ ಇರುವುದು ಆ ನುಣುಪಿನಲ್ಲೇ. ಸೋದರತ್ತೆ ಕೊರೆದ ಪಟ್ಟಿಯ ಮೇಲೆ ಬೆರಳಾಡಿಸಿದರೆ ಕಣ್ಣಿಗೆ ಕಾಣದ ಸಣ್ಣ ಅಲೆಗಳು ಸಿಗುತ್ತವೆ. ಹಳೆಯ ಕಟ್ಟಡಗಳನ್ನು ಕಾಪಾಡುವ ಇಲಾಖೆಗೆ ಆ ಅಲೆಗಳು ಬೇಕು. ಹಾಗಾಗಿ ಊರಿನಲ್ಲಿ ಎಷ್ಟು ಮರದ ಕಾರ್ಖಾನೆಗಳಿದ್ದರೂ ಇಲಾಖೆಯ ಜೀಪು ಬಂದು ನಿಲ್ಲುತ್ತಿದ್ದುದು ಮೇಸ್ತ್ರಿಯ ಶೆಡ್ಡಿನ ಮುಂದೆ.

ಆ ಬೆಳಿಗ್ಗೆಯೂ ನಿಂತಿತು. ಇಳಿದವರು ಇಲಾಖೆಯ ಅಧಿಕಾರಿ. ಮೂವತ್ತೈದರ ಹೆಣ್ಣುಮಗಳು, ಕೆಲಸ ಗೊತ್ತಿದ್ದವರು, ಮಾತು ನಯ, ಕುತ್ತಿಗೆಯಲ್ಲಿ ಭೂತಗನ್ನಡಿ. ಬಟ್ಟೆಯಲ್ಲಿ ಸುತ್ತಿದ್ದ ಮೊಳದುದ್ದದ ತುಂಡೊಂದನ್ನು ಕೂಸನ್ನು ಕೊಡುವ ಹಾಗೆ ಮೇಸ್ತ್ರಿಯ ಕೈಗಿಟ್ಟರು.

“ಹಳೇ ಕೋರ್ಟು ಕಟ್ಟಡದ್ದು, ಮೇಸ್ತ್ರಿಗಳೇ. ಪೂರ್ವದ ಕಡೆ ಸೂರು ಸೋರಿ ಬಾಗಿಲ ಪಟ್ಟಿಗಳೆಲ್ಲ ಹಾಳಾಗಿವೆ. ಇದು ಮೂಲ ಪಟ್ಟಿ. ನೂರಮೂವತ್ತು ವರ್ಷದ್ದು. ಇದರ ಹಾಗೇ ಮುನ್ನೂರು ಮೀಟರ್ ಬೇಕು. ಕೂದಲೆಳೆ ಅಷ್ಟೂ ಆಚೀಚೆ ಆಗಬಾರದು.”

ಮೇಸ್ತ್ರಿ ಬಟ್ಟೆ ಬಿಚ್ಚಿದ. ದಪ್ಪ ಅಂಚಿನಿಂದ ತೆಳು ಅಂಚಿಗೆ ಇಳಿಜಾರಾಗಿ ಬರುವ ಒಂದು ದೊಡ್ಡ ಬಳುಕು. ದಪ್ಪ ಅಂಚಿನ ಪಕ್ಕದಲ್ಲಿ ಉದ್ದಕ್ಕೂ ಬೆರಳಗಲದ ದುಂಡನೆಯ ಏಣು. ಬಡಗಿಗಳು ಅದಕ್ಕೆ ‘ಮಣಿ’ ಅನ್ನುತ್ತಾರೆ. ಅವನು ಅದನ್ನು ಒಮ್ಮೆ ಈ ಕಡೆಯಿಂದ ನೋಡಿದ, ಒಮ್ಮೆ ಆ ಕಡೆಯಿಂದ ನೋಡಿದ. ಎರಡೂ ಕಡೆಯಿಂದ ಮಣಿ ಇದ್ದಲ್ಲೇ ಇತ್ತು.

“ಇದು ಮೂಲದ್ದು ಅಂತ ಯಾರು ಹೇಳಿದ್ರು ಮೇಡಂ?”

“ಅದೇ ಹೇಳ್ತಿದೆಯಲ್ಲ. ಅಂಚು ನೋಡಿ, ಹತ್ತೊಂಬತ್ತು ಪದರ ಬಣ್ಣ. ಏಳು ವರ್ಷಕ್ಕೊಂದು ಸಲ ಬಳಿದ್ರು ಅಂದ್ಕೊಂಡ್ರೂ ಲೆಕ್ಕ ಸರಿಹೋಗುತ್ತೆ.”

ಏಳು ವರ್ಷಕ್ಕೊಂದು ಸಲವಲ್ಲ, ಹೊಸ ನ್ಯಾಯಾಧೀಶರು ಬಂದಾಗಲೆಲ್ಲ, ಹೆಚ್ಚು ಕಡಿಮೆ ಎರಡು ವರ್ಷಕ್ಕೊಂದು ಸಲ ಬಳಿಯುತ್ತಿದ್ದರು ಎಂಬುದು ಮೇಸ್ತ್ರಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಪಟ್ಟಿಗೆ ನೂರಮೂವತ್ತು ಅಲ್ಲ, ನಲವತ್ತೊಂದು ವರ್ಷ ಎಂಬುದು ಗೊತ್ತಿತ್ತು. ಯಾಕೆಂದರೆ ಅದನ್ನು ಮಾಡಿದವನು ಅವನೇ. ಮತ್ತು ತಪ್ಪಾಗಿ ಮಾಡಿದ್ದ.

ಆಗ ಅವನಿಗೆ ಇಪ್ಪತ್ತಮೂರು. ಮದುವೆಯಾಗಿ ನಾಲ್ಕು ತಿಂಗಳು. ಆ ನಾಲ್ಕೇ ತಿಂಗಳು ಮಾವನ ಶೆಡ್ಡಿನಲ್ಲಿ ಕೆಲಸ. ಕೋರ್ಟಿನ ಬಾಗಿಲುಗಳ ಪಟ್ಟಿಯನ್ನೆಲ್ಲ ಗೆದ್ದಲು ತಿಂದು ಮುಗಿಸಿತ್ತು. ಕೆಲಸ ಒಪ್ಪಿಕೊಂಡ ಮರುವಾರವೇ ಮಾವ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಸ್ಪತ್ರೆಯ ಮಂಚದಿಂದಲೇ ಹೇಳಿದ್ದು: “ಅಲಗುಗಳು ಗೋಡೆ ಮೇಲಿವೆ. ತೂಗುಹಾಕಿರೋ ಸಾಲಿನಲ್ಲೇ ತಲೆಗೆ ಬಿಗಿದರೆ ಆಯ್ತು.” ಕೋರ್ಟಿನ ಪಟ್ಟಿಗೆ ಎರಡು ಅಲಗು, ಬಳುಕಿಗೆ ಒಂದು, ಮಣಿಗೆ ಒಂದು. ಗೋಡೆಯ ಮೊಳೆಗಳಲ್ಲಿ ಅವು ಪಕ್ಕಪಕ್ಕ ತೂಗುತ್ತಿದ್ದವು. ಅಳಿಯ ಆ ಸಾಲಿನಲ್ಲೇ ಬಿಗಿದ. ಆದರೆ ಮಾವ ಇಡೀ ಜೀವಮಾನ ಯಂತ್ರದ ಹಿಂದಿನ ತುದಿಯಲ್ಲಿ, ಪಟ್ಟಿ ಹೊರಬರುವ ಕಡೆ ನಿಂತು ಕೆಲಸ ಮಾಡಿದವರು. ಅವರ ಮೊಳೆಗಳ ಎಡ ಬಲವೆಲ್ಲ ಆ ಕಡೆಯಿಂದ ನೋಡಿದ ಎಡ ಬಲ. ಅಳಿಯ ನಿಂತದ್ದು ಹಲಗೆ ಒಳಹೋಗುವ ಕಡೆ. ಮಣಿ ಇರಬೇಕಾದದ್ದು ತೆಳು ಅಂಚಿಗೆ, ಬಾಗಿಲ ಪಕ್ಕಕ್ಕೆ. ಅಲ್ಲಿದ್ದರೆ ಅದರ ನೆರಳು ಬಾಗಿಲ ಸುತ್ತ ಕಾಡಿಗೆಯ ಗೆರೆಯ ಹಾಗೆ ಬಿದ್ದು, ಒಳಗಿನ ಕೋಣೆಗೆ ಒಂದು ಆಳ ಕೊಡುತ್ತದೆ. ಅದು ಹೋಗಿ ಕೂತದ್ದು ದಪ್ಪ ಅಂಚಿಗೆ, ಗೋಡೆಯ ಪಕ್ಕಕ್ಕೆ. ಅಲ್ಲಿ ಅದು ಧೂಳು ಹಿಡಿಯುತ್ತದೆ, ಅಷ್ಟೇ. ನಲವತ್ತೊಂದು ವರ್ಷ ಕೋರ್ಟಿನ ಕಸ ಗುಡಿಸುವವರು ಆ ಮಣಿ ಮಾಡಿದವನಿಗೆ ಹಾಕಿದ ಶಾಪಗಳು ಲೆಕ್ಕಕ್ಕೆ ಸಿಗುವಂಥವಲ್ಲ.

ಹನ್ನೊಂದು ದಿನದಲ್ಲಿ ಎಲ್ಲ ಪಟ್ಟಿಯೂ ಮುಗಿದು, ಗೋಡೆಗೆ ಕೂತು, ಬಣ್ಣ ಕಂಡು, ಹೊಗಳಿಕೆಯೂ ಬಂತು. ಮೂರು ತಿಂಗಳ ಮೇಲೆ ಮಾವ ಊರುಗೋಲು ಹಿಡಿದು ನೋಡಲು ಹೋದರು. ಹೆಬ್ಬಾಗಿಲ ಮುಂದೆ ಬಹಳ ಹೊತ್ತು ನಿಂತರು.

“ಅಳಿಯಂದಿರೇ, ಮಣಿ ಗೋಡೆ ಕಡೆ ಕೂತಿದೆ.”

“ಹೌದಾ ಮಾವ?”

“ಹ್ಞೂಂ. ಬನ್ನಿ, ಬಿಸಿಲು ಏರ್ತಿದೆ.”

ಮಾರನೆಯ ದಿನ ಶೆಡ್ಡಿಗೆ ಹೋದರೆ, ಮಾವ ಸ್ಟೂಲಿನ ಮೇಲೆ ಕೂತು, ಗೋಡೆಯ ಅರವತ್ತು ಜೊತೆ ಅಲಗುಗಳನ್ನೂ ಇಳಿಸಿ, ಅಳಿಯ ನಿಲ್ಲುವ ಕಡೆಯಿಂದ ಸರಿಕಾಣುವ ಹಾಗೆ ಒಂದೊಂದಾಗಿ ಮತ್ತೆ ತೂಗುಹಾಕುತ್ತಿದ್ದರು. ಬೈದಿದ್ದರೆ ಮೇಸ್ತ್ರಿ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದ. ಮಾವ ಹೋಗಿ ಇಪ್ಪತ್ತೆರಡು ವರ್ಷವಾದರೂ ಅವನು ಕೋರ್ಟಿನ ಬೀದಿಯಲ್ಲಿ ನಡೆಯದೆ ಸುತ್ತು ಬಳಸಿ ಹೋಗುತ್ತಿದ್ದ. ಈಗ ಅರವತ್ನಾಲ್ಕು ವಯಸ್ಸಿನಲ್ಲಿ, ಆ ಮಣಿಯನ್ನು ಸರಿಯಾದ ಕಡೆಗೆ ಕೂರಿಸುವ ಅವಕಾಶ ತಾನಾಗಿ ಜೀಪಿನಲ್ಲಿ ಬಂದಿತ್ತು. ತಪ್ಪನ್ನೇ ಮಾದರಿಯಾಗಿ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿತ್ತು.

“ಒಂದು ವಾರ ಟೈಮ್ ಕೊಡಿ ಮೇಡಂ,” ಎಂದಷ್ಟೇ ಹೇಳಿ ಕಳಿಸಿದ.

ಸಂಜೆ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: “ಏನ್ರೀ, ತಟ್ಟೆ ಬಿಟ್ಟು ಗೋಡೆ ನೋಡ್ತಿದ್ದೀರಲ್ಲ, ಗೋಡೆಗೇನು ಹಲ್ಲು ಬಂದಿದೆಯಾ?”

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. ಯಾರಿಗೂ ಹೇಳದ ಮಾತು. “ನೋಡೇ, ನಿನಗೊಂದು ವಿಷಯ ಹೇಳ್ಬೇಕು. ಆ ಕೋರ್ಟಿನ ಕೆಲಸ ಇತ್ತಲ್ಲ, ನಮ್ಮ ಮದುವೆ ಆದ ವರ್ಷ…”

“ಮಣಿ ಗೋಡೆ ಕಡೆ ಹೋಗಿದ್ದಾ?”

ತುತ್ತು ಕೈಯಲ್ಲೇ ನಿಂತಿತು. “ನಿನಗೆ ಹೇಗೆ ಗೊತ್ತು?”

“ಅಪ್ಪ ಅವತ್ತೇ ಅಮ್ಮನಿಗೆ ಹೇಳಿದ್ರು. ಅಮ್ಮ ನನಗೆ ಹೇಳಿದ್ಲು. ತಮ್ಮನಿಗೂ ಗೊತ್ತು.”

“ನಲವತ್ತೊಂದು ವರ್ಷ ಒಬ್ಬರೂ ಬಾಯಿ ಬಿಡಲಿಲ್ವಲ್ಲೇ!”

“ನಿಮಗೆ ಬೇಜಾರಾಗುತ್ತೆ ಅಂತ ಅಪ್ಪ ಆಣೆ ಮಾಡಿಸ್ಕೊಂಡಿದ್ರು.”

“ನಿನ್ನ ಚಿಕ್ಕಮ್ಮನ ಮನೆಯವರಿಗೂ ಗೊತ್ತಾ?”

“ನಾನಂತೂ ಹೇಳಿಲ್ಲ,” ಎಂದಳು ಹೆಂಡತಿ, ಆ ‘ನಾನಂತೂ’ಗೆ ಸ್ವಲ್ಪ ಹೆಚ್ಚೇ ಒತ್ತು ಕೊಟ್ಟು. “ಈಗ ಊಟ ಮಾಡಿ. ಆರಿಹೋಗುತ್ತೆ.”

ಎರಡು ದಿನ ಬಿಟ್ಟು ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಇಲಾಖೆಯ ಕಚೇರಿಗೆ ಹೋದ. ಎಲ್ಲವನ್ನೂ ಹೇಳಿದ. ಮೊಳೆಗಳ ಎಡ ಬಲವನ್ನು ಮೇಜಿನ ಮೇಲೆ ಎರಡು ಪೆನ್ನು ಇಟ್ಟು ತೋರಿಸಿದ. ಅಧಿಕಾರಿ ಪೂರ್ತಿ ಕೇಳಿದರು, ನಡುವೆ ಒಂದು ಸಲವೂ ಫೋನು ನೋಡಲಿಲ್ಲ. ಕೇಳಿದ ಮೇಲೆ ಕಪಾಟಿನಿಂದ ಕಡತ ತೆಗೆದರು. ಅದರಲ್ಲಿ ಮೂವತ್ತೆರಡು ವರ್ಷದ ಹಿಂದಿನ ನಕ್ಷೆ ಇತ್ತು. ಯಾರೋ ಶ್ರದ್ಧಾವಂತರು ಹೆಬ್ಬಾಗಿಲ ಪಟ್ಟಿಯನ್ನು ಅಳೆದು, ಮಣಿ ಸಮೇತ ಬರೆದು, ಕೆಳಗೆ ‘ಮೂಲ ವಿನ್ಯಾಸ’ ಎಂದು ದಪ್ಪಕ್ಷರದಲ್ಲಿ ನಮೂದಿಸಿದ್ದರು. ಕಟ್ಟಡದ ಅತಿ ಹಳೆಯ ಫೋಟೋವೂ ಇತ್ತು. ಅದರಲ್ಲಿ ಬಾಗಿಲ ಎರಡೂ ಪಕ್ಕಕ್ಕೆ ಇಬ್ಬಿಬ್ಬರು ವಕೀಲರು ಕರಿಕೋಟು ತೊಟ್ಟು ನಿಂತು, ಪಟ್ಟಿ ಇದ್ದ ಜಾಗವನ್ನು ಸಂಪೂರ್ಣವಾಗಿ ಮುಚ್ಚಿದ್ದರು.

“ನೀವು ಹೇಳೋದಕ್ಕೆ ಏನಾದ್ರೂ ದಾಖಲೆ ಇದೆಯಾ, ಮೇಸ್ತ್ರಿಗಳೇ?”

“ನಾನೇ ಇದ್ದೀನಲ್ಲ ಮೇಡಂ.”

“ನೀವು ದಾಖಲೆ ಅಲ್ಲ.” ಅವರಿಗೆ ನಿಜವಾಗಿಯೂ ಕೆಡುಕೆನಿಸಿದ ಹಾಗಿತ್ತು. “ಅಲಗು ಇದೆ ಅಂತೀರಿ. ಆದ್ರೆ ಎರಡು ಅಲಗನ್ನ ಹೇಗೆ ಬೇಕಾದ್ರೂ ಕೂರಿಸಬಹುದು ಅಂತ ಈಗ ತಾನೇ ನೀವೇ ಪೆನ್ನಿಟ್ಟು ತೋರಿಸಿದ್ರಿ.”

ನೂರಮೂವತ್ತು ವರ್ಷ ಆ ಕಟ್ಟಡದಲ್ಲಿ ತಪ್ಪು ಮಾಡಿದವರು ಮಾಡಿಲ್ಲವೆಂದು ಹೇಳುತ್ತಲೇ ಬಂದಿದ್ದಾರೆ, ಹಲವರು ನಂಬಿಸಿಯೂ ಹೋಗಿದ್ದಾರೆ. ಮಾಡಿದ್ದೇನೆಂದು ತಾನಾಗಿ ಹೇಳಲು ಬಂದವನಿಗೆ ಸಾಕ್ಷಿಯಿಲ್ಲದೆ ಹೋಯಿತು.

“ಸಾಕ್ಷಿ ತಂದ್ರೆ?”

“ಖಂಡಿತ ನೋಡ್ತೀನಿ,” ಎಂದರು ಅಧಿಕಾರಿ. ಅವರು ಮಾತಿಗೆ ತಪ್ಪುವವರಲ್ಲ. ಮುಂದಾದದ್ದಕ್ಕೆಲ್ಲ ಅದೇ ಕಾರಣ.

ಶೆಡ್ಡಿನಲ್ಲಿ ಭಾವಮೈದುನ ಸೋದರತ್ತೆಯ ಬೆಲ್ಟಿಗೆ ಮೇಣ ಹಚ್ಚುತ್ತಿದ್ದ. ವಯಸ್ಸು ಐವತ್ತೆರಡು. ಯಂತ್ರದ ಹಿಂದಿನ ತುದಿಯಲ್ಲಿ ನಿಂತು ಪಟ್ಟಿ ಹಿಡಿಯುವುದು ಅವನ ಕೆಲಸ, ಭಾವನ ಮಾತು ಹಿಡಿಯುವುದು ಅಭ್ಯಾಸ.

“ಬಿಟ್ಟಾಕಿ ಭಾವ. ಅವರು ಕೇಳಿದ್ದು ಕೊಟ್ಟು ಕೈತೊಳ್ಕೊಳ್ಳೋಣ. ನಾವು ಮಾಡಲ್ಲ ಅಂದ್ರೆ ಇನ್ಯಾರೋ ಮಾಡ್ತಾರೆ. ಅವರು ನಿಮ್ಮ ತಪ್ಪನ್ನೂ ನೆಟ್ಟಗೆ ಮಾಡಲ್ಲ.”

“ನಿನಗೂ ಗೊತ್ತಿತ್ತಂತಲ್ಲೋ.”

“ನಾನಾಗ ಹನ್ನೊಂದು ವರ್ಷದವನು ಭಾವ. ಅಕ್ಕ ಬಾಯಿಗೆ ಬೀಗ ಹಾಕಿಸಿದ್ಲು.” ಮೇಣದ ಗಟ್ಟಿಯನ್ನು ಕೆಳಗಿಟ್ಟು ಅವನು ತಲೆ ಕೆರೆದುಕೊಂಡ. “ಅಷ್ಟೂ ಬಾಗಿಲನ್ನ ಬದಲಾಯಿಸಿದ್ರಾ ಆಗ? ಒಂದಾದ್ರೂ ಹಳೇದು ಉಳಿದಿಲ್ವಾ?”

ಮೇಸ್ತ್ರಿ ತಟ್ಟನೆ ನಿಂತ. ಒಂದು ಉಳಿದಿತ್ತು. ದಾಖಲೆ ಕೋಣೆಯ ಹಿಂಬಾಗಿಲು. ಅದರ ಮುಂದೆ ಆಳೆತ್ತರದ ಉಕ್ಕಿನ ಕಪಾಟು, ಕಪಾಟಿನ ತುಂಬ ಕಡತ. ಕಡತಗಳನ್ನು ಇಳಿಸಲು ಲಿಖಿತ ಅನುಮತಿ ಬೇಕೆಂದು ಅಲ್ಲಿನ ಗುಮಾಸ್ತ ಪಟ್ಟುಹಿಡಿದದ್ದರಿಂದ ಆ ಬಾಗಿಲನ್ನು ಹಾಗೇ ಬಿಟ್ಟಿದ್ದರು. ಗೆದ್ದಲೂ ಬಿಟ್ಟಿತ್ತು. ಎದುರಿಗೆ ಅಷ್ಟು ಕಾಗದ ಇರುವಾಗ ಅದು ಮರಕ್ಕೆ ಬಾಯಿ ಹಾಕುವ ಅಗತ್ಯ ಬಂದಿರಲಿಲ್ಲ.

ಮಾರನೆಯ ಮಧ್ಯಾಹ್ನ ಇಬ್ಬರೂ ಕೋರ್ಟಿನ ಕಾವಲುಗಾರನನ್ನು ಪುಸಲಾಯಿಸಿ ಒಳಗೆ ಹೋದರು. ಕಡತಗಳು ಇತ್ತೀಚೆಗಷ್ಟೇ ಬೇರೆ ಕಡೆಗೆ ಸಾಗಿದ್ದವು. ಖಾಲಿ ಕಪಾಟು ಮೂವರ ಹೆಗಲಿಗೆ ಕಿರುಗುಟ್ಟುತ್ತ ಜರುಗಿತು. ಹಿಂದೆ ಬಾಗಿಲಿತ್ತು. ಅದರ ಸುತ್ತ ಎಣ್ಣೆ ಕಪ್ಪುಗಟ್ಟಿದ ಪಟ್ಟಿ. ಭಾವಮೈದುನ ಒರಸುಬಟ್ಟೆಯಿಂದ ಒಂದು ಮೊಳ ಉಜ್ಜಿ, ಮೊಬೈಲಿನ ಬೆಳಕನ್ನು ಪಕ್ಕದಿಂದ ಹಾಯಿಸಿದ.

ಮಣಿ ಬಾಗಿಲ ಕಡೆ ಇತ್ತು.

ಅದರ ನೆರಳು ಬಾಗಿಲ ಸುತ್ತ ಸಣ್ಣಗೆ ಗೆರೆಯೆಳೆದು ನಿಂತಿತ್ತು. ಮೇಸ್ತ್ರಿ ಹೆಬ್ಬೆರಳಿನಿಂದ ಅದನ್ನು ನೆಲದಿಂದ ತಲೆಯೆತ್ತರದ ತನಕ ಸವರುತ್ತ ಹೋದ. ಅಲೆಗಳೂ ಇದ್ದವು, ಸೋದರತ್ತೆಯ ಅಲೆಗಳಿಗಿಂತ ಒಂದಿಷ್ಟು ದೊಡ್ಡವು. ಅವಳಿಗಿಂತ ಹಿರಿಯ ಯಂತ್ರವೊಂದರದ್ದು.

“ಅಪ್ಪ ಇದನ್ನ ನೋಡ್ಕೊಂಡೇ ಅಲಗು ಮಾಡಿದ್ದು,” ಎಂದ ಭಾವಮೈದುನ. ಸದಾ ತಮಾಷೆ ಮಾಡುವವನು ಆಗ ಮಾಡಲಿಲ್ಲ.

“ಅಳ್ತಿದ್ದಾರಾ ಇವರು?” ಎಂದು ಕಾವಲುಗಾರ ಪಿಸುಗುಟ್ಟಿದ.

“ಧೂಳು,” ಎಂದ ಮೇಸ್ತ್ರಿ.

ಫೋನು ಮಾಡಿದ ಅರ್ಧ ಗಂಟೆಯಲ್ಲಿ ಅಧಿಕಾರಿ ಬಂದರು. ಮೊಣಕಾಲೂರಿ ಕೂತು ಭೂತಗನ್ನಡಿ ಹಿಡಿದರು. ಅಳೆದರು, ಫೋಟೋ ತೆಗೆದರು, ಚಾಕುವಿನ ತುದಿಯಿಂದ ಕೆರೆದು ನೋಡಿದರು.

“ಬಣ್ಣವೇ ಇಲ್ಲ,” ಎಂದರು.

“ಇರಲ್ಲ ಮೇಡಂ. ಆಗೆಲ್ಲ ಎಣ್ಣೆ ಹಚ್ತಿದ್ರು. ಬಣ್ಣ ಶುರುವಾಗಿದ್ದು ನನ್ನ ಪಟ್ಟಿ ಬಂದ ಮೇಲೆ.”

“ಅದಕ್ಕೇನಾದ್ರೂ ದಾಖಲೆ…” ಎಂದು ಶುರುಮಾಡಿ, ಅವನ ಮುಖ ನೋಡಿ, ಅಧಿಕಾರಿ ನಿಲ್ಲಿಸಿದರು. “ವರದಿ ಬರೀತೀನಿ. ಸಮಿತಿ ತೀರ್ಮಾನ ಮಾಡುತ್ತೆ.”

ಒಂಬತ್ತು ದಿನ ಮೇಸ್ತ್ರಿ ಚಿಕ್ಕಮಗುವಿನ ಹಾಗಿದ್ದ. ಬಾಗಿಲ ಕಡೆ ಮಣಿ ಬರುವಂತೆ ಅಲಗು ಬಿಗಿದು, ಬೇಡದ ಹಲಗೆಯೊಂದನ್ನು ಯಂತ್ರಕ್ಕೆ ಕೊಟ್ಟು, ಹೊರಬಂದ ಪಟ್ಟಿಯನ್ನು ಮನೆಯ ಅಡುಗೆಕೋಣೆಯ ಬಾಗಿಲಿಗೆ ಒತ್ತಿಹಿಡಿದು ಹೆಂಡತಿಗೆ ತೋರಿಸಿದ. “ಚೆನ್ನಾಗಿದೆ, ಈಗ ದಾರಿ ಬಿಡ್ತೀರಾ?” ಎಂದಳು ಅವಳು. ಆದರೆ ಮಧ್ಯಾಹ್ನ ಅವನಿಲ್ಲದಾಗ ಆ ಪಟ್ಟಿಯನ್ನು ತಾನೂ ಒಮ್ಮೆ ಬಾಗಿಲಿಗೆ ಹಿಡಿದು ನೋಡಿದ್ದಳು.

ಹತ್ತನೆಯ ದಿನ ಸಮಿತಿಯ ಪತ್ರ ಬಂತು. ಭಾವಮೈದುನ ಓದಿದ. ಕಟ್ಟಡದ ನಲವತ್ತಾರು ಬಾಗಿಲುಗಳ ಪೈಕಿ ನಲವತ್ತೈದು ನಕ್ಷೆಗೆ ಹೊಂದುತ್ತವೆ. ದಾಖಲೆ ಕೋಣೆಯ ಹಿಂಬಾಗಿಲು ಮಾತ್ರ ಹೊಂದುವುದಿಲ್ಲ. ಅದರ ಮೇಲೆ ಬಣ್ಣದ ಪದರಗಳಿಲ್ಲದಿರುವುದರಿಂದ ಅದು ಇತ್ತೀಚಿನದು. ಮೂಲ ವಿನ್ಯಾಸದ ಅರಿವಿಲ್ಲದವರು ಮಾಡಿದ ಸೇರ್ಪಡೆ ಎಂದು ಸಮಿತಿ ಭಾವಿಸುತ್ತದೆ. ಆದ್ದರಿಂದ ಅದನ್ನು ತೆಗೆದುಹಾಕಿ, ಮೂಲಕ್ಕೆ ಅನುಗುಣವಾದ ಪಟ್ಟಿಯನ್ನು ಕೂರಿಸತಕ್ಕದ್ದು. ಮುನ್ನೂರು ಮೀಟರಿನ ಜೊತೆ ಇನ್ನೂ ಐದೂವರೆ ಮೀಟರ್.

“ಇನ್ನೊಂದು ಸಲ ಓದು.”

ಓದಿದ. ಎರಡನೆಯ ಸಲವೂ ಅದೇ ಇತ್ತು.

ಮೇಸ್ತ್ರಿ ಫೋನು ಹಚ್ಚಿದ. ಅಧಿಕಾರಿ ಮೊದಲ ರಿಂಗಿಗೇ ಎತ್ತಿದರು. “ನಾನು ನಿಮ್ಮ ಮಾತನ್ನೂ ವರದೀಲಿ ಬರೆದಿದ್ದೆ, ಮೇಸ್ತ್ರಿಗಳೇ. ಒಂದು ಅಕ್ಷರ ಬಿಡದೆ ಬರೆದಿದ್ದೆ. ಸಮಿತಿಯವರು ಓದಿ, ನಿಮಗೆ ವಂದನೆ ತಿಳಿಸೋಕೆ ಹೇಳಿದ್ದಾರೆ. ನೀವು ತೋರಿಸದೇ ಇದ್ದಿದ್ರೆ ಅಲ್ಲಿ ಬಾಗಿಲು ಇರೋದೇ ನಮಗೆ ಗೊತ್ತಾಗ್ತಿರ್ಲಿಲ್ಲ.”

ಅವನು ಗೋಡೆಗೆ ಒರಗಿ ನಿಂತ. “ತೆಗೆದ ಪಟ್ಟಿಯನ್ನ ನನಗೆ ಕೊಡಿಸ್ತೀರಾ ಮೇಡಂ?”

“ಕಟ್ಟಡದ ವಸ್ತು ಹೊರಗೆ ಹೋಗೋ ಹಾಗಿಲ್ಲ. ಆದ್ರೂ ಕೇಳಿ ನೋಡ್ತೀನಿ. ತೆಗೆಯೋ ಕೆಲಸ ಇವತ್ತು ಅಂತ ಕಾಣುತ್ತೆ.”

ಮೇಸ್ತ್ರಿ, ಭಾವಮೈದುನ ಇಬ್ಬರೂ ಸ್ಕೂಟರಿನಲ್ಲಿ ಹೊರಟರು. ನಲವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಮೇಸ್ತ್ರಿ ಕೋರ್ಟಿಗೆ ನೇರ ದಾರಿಯಲ್ಲಿ ಹೋದ. ದಾಖಲೆ ಕೋಣೆಯಲ್ಲಿ ಬಾಗಿಲು ಬರಿಮೈಯಾಗಿತ್ತು. ಸುತ್ತ ಇಟ್ಟಿಗೆ, ಸುಣ್ಣ. ಒಣಗಿದ ಮರ ಸನ್ನೆಕೋಲಿಗೆ ಒಂದೇ ಏಟಿಗೆ ಸೀಳಿತ್ತಂತೆ. ತುಂಡುಗಳು ಎಲ್ಲಿ ಎಂದು ಕೇಳಿದರೆ ಕೆಲಸದವರ ಮುಖ್ಯಸ್ಥ ಹಜಾರದ ಕಡೆ ಕೈ ತೋರಿಸಿದ. ಅಲ್ಲಿ ಸೂರಿನ ತನಕ ಏಣಿ ನಿಂತಿತ್ತು, ನೆಲ ಸಮವಿರಲಿಲ್ಲ, ಏಣಿಯ ಕಾಲುಗಳ ಕೆಳಗೆ ನೂರಮೂವತ್ತು ವರ್ಷದ ಪಟ್ಟಿ ಆನಿಕೆಯಾಗಿ ಸಿಕ್ಕಿಕೊಂಡಿತ್ತು.

“ಬೇಕಾದ್ರೆ ತಗೊಳ್ಳಿ ಯಜಮಾನ್ರೇ,” ಎಂದ ಮುಖ್ಯಸ್ಥ ಉದಾರವಾಗಿ. “ಆದ್ರೆ ಈಗ ಬೇಡ. ಮೇಲೆ ಜನ ಇದ್ದಾರೆ.”

ಮೇಸ್ತ್ರಿ ತಲೆಯೆತ್ತಿ ನೋಡಿದ. ನಿಜ, ಇಬ್ಬರಿದ್ದರು. ಸಂಜೆಯ ತನಕ ಅವನು ಏಣಿಯ ಕೆಳಗೇ ಮೆಟ್ಟಿಲ ಮೇಲೆ ಕೂತಿದ್ದ. ಸಂಜೆಗೆ ಏಣಿ ಇಳಿಯಲಿಲ್ಲ. ಕಾವಲುಗಾರ ಬಂದು ಬಾಗಿಲು ಹಾಕಬೇಕೆಂದ. ಬೆಳಿಗ್ಗೆ ಹೋದಾಗ ಏಣಿ ಇಳಿದಿತ್ತು, ಹಜಾರ ಗುಡಿಸಿ ಒರೆಸಿ ಥಳಥಳ ಅನ್ನುತ್ತಿತ್ತು, ಕಸದ ಲಾರಿ ಹೋಗಿ ಒಂದು ಗಂಟೆಯಾಗಿತ್ತು.

ಅದಾದ ಮೇಲೆ ಕೆಲಸಕ್ಕೆ ತೊಡಕೇನೂ ಇರಲಿಲ್ಲ. ಸೋದರತ್ತೆಗೆ ಎಣ್ಣೆ ಬಿಟ್ಟರು. ಮೇಸ್ತ್ರಿ ಗೋಡೆಯಿಂದ ಅಲಗುಗಳನ್ನು ಇಳಿಸಿ, ತಲೆಗೆ ಬಿಗಿದು, ಸ್ಪ್ಯಾನರು ಕೆಳಗಿಟ್ಟ. ಹಿಂದಿನ ತುದಿಯಿಂದ ಭಾವಮೈದುನ ಬಗ್ಗಿ ನೋಡಿದ, ನಕ್ಷೆ ನೋಡಿದ.

“ಭಾವ, ಸರಿಯಾಗಿ ಬಿಗಿದಿದ್ದೀರಿ.”

“ಹಾಗಾ?”

“ಹ್ಞೂಂ. ಬಿಚ್ಚಿ.”

ಬಿಚ್ಚಿ, ಅದಲುಬದಲು ಮಾಡಿ ಬಿಗಿದ. ಎಳೆವಯಸ್ಸಿನಲ್ಲಿ ಒಂದೇ ಸಲಕ್ಕೆ ಬಂದಿದ್ದ ತಪ್ಪು ಈಗ ಮೂರು ಸಲ ಅಳೆದ ಮೇಲೆ ಬಂತು. ಎಂಟು ದಿನ ಸೋದರತ್ತೆ ಗೊಣಗಿಕೊಂಡು ಮುನ್ನೂರೈದೂವರೆ ಮೀಟರ್ ಪಟ್ಟಿ ಹೆತ್ತಳು. ಒಂದರಲ್ಲೂ ಸಿಬಿರಿಲ್ಲ, ಗಂಟಿಲ್ಲ. ಅಂಥ ಚೆಂದದ ಪಟ್ಟಿ ಆ ಶೆಡ್ಡಿನಿಂದ ಹಿಂದೆ ಹೋಗಿರಲಿಲ್ಲ. ಅಧಿಕಾರಿ ತಗಡಿನ ಅಚ್ಚು ಇಟ್ಟು ನೋಡಿ, ಕಣ್ಣು ಅರಳಿಸಿ, “ಹಳೇದಕ್ಕೂ ಇದಕ್ಕೂ ಒಂದು ಕೂದಲು ವ್ಯತ್ಯಾಸ ಇಲ್ಲ, ಹೇಗೆ ಮಾಡ್ತೀರೋ!” ಎಂದರು. ಮೇಸ್ತ್ರಿ ಕೈಯ ಮರದ ಪುಡಿ ಕೊಡವಿಕೊಂಡ.

ದಾಖಲೆ ಕೋಣೆಯ ಹಿಂಬಾಗಿಲಿಗೆ ಮಾತ್ರ ತಾನೇ ಪಟ್ಟಿ ಕೂರಿಸುತ್ತೇನೆಂದು ಹೇಳಿ ಹೋದ. ಎರಡು ನಿಲುವು, ಮೇಲೊಂದು ಅಡ್ಡ. ಮೂಲೆಗಳು ಕೂದಲು ತೂರದಷ್ಟು ಬಿಗಿಯಾಗಿ ಕೂಡಿದವು. ಕೊನೆಯ ಮೊಳೆಯ ತಲೆಯನ್ನು ಒಳಕ್ಕೆ ಇಳಿಸಿ, ಗುಂಡಿಗೆ ಮೇಣ ತುಂಬಿ, ಹಿಂದಕ್ಕೆ ಸರಿದು ನಿಂತ. ಮಣಿ ಗೋಡೆಯ ಕಡೆ ಕೂತಿತ್ತು.

ಕಾವಲುಗಾರ ಬಾಗಿಲಲ್ಲಿ ಇಣುಕಿದ. “ಮುಗೀತಾ ಯಜಮಾನ್ರೇ? ನಾಳೆ ಕಡತಗಳು ವಾಪಸ್ ಬರ್ತವಂತೆ. ಕಪಾಟನ್ನ ಇದ್ದಲ್ಲಿಗೇ ತಳ್ಳಿಬಿಡೋಣ.”

“ಇದ್ದಲ್ಲಿಗೇ ಅಂದ್ರೆ, ಈ ಬಾಗಿಲಿಗೆ ಅಡ್ಡವಾಗಿ?”

“ಇನ್ನೆಲ್ಲಿ ಜಾಗ ಇದೆ, ನೀವೇ ಹೇಳಿ.”

ಮೇಸ್ತ್ರಿ ಕೋಣೆಯನ್ನೆಲ್ಲ ಒಮ್ಮೆ ನೋಡಿದ. ಇನ್ನೆಲ್ಲೂ ಜಾಗವಿರಲಿಲ್ಲ. ಉಳಿಯನ್ನೂ ಸುತ್ತಿಗೆಯನ್ನೂ ಚೀಲಕ್ಕೆ ಹಾಕಿ, ಚೀಲವನ್ನು ದೂರಕ್ಕೆ ಸರಿಸಿಟ್ಟು, ಕಪಾಟಿಗೆ ಹೆಗಲು ಕೊಟ್ಟ.

“ಇನ್ನೊಂದು ಚೂರು ಬಲ ಹಾಕಿ,” ಎಂದ ಕಾವಲುಗಾರ.

ಹಾಕಿದ.